ದೇವಸ್ಥಾನಕ್ಕೆ ಎಂದು ಹೇಳಿ ಆಸ್ಪತ್ರೆಗೆ ತರಬೇಡಿ

ಮಾನ್ಯ ಸಂಪಾದಕರೆ,

ಮಗ ಚಿಕಿತ್ಸೆಗೆ ಒಪ್ಪುತ್ತಿಲ್ಲ, ಹೊಸ ಕಾನೂನು ಬಂದ ಮೇಲೆ ಆಸ್ಪತ್ರೆಯವರೂ ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಾರೆ ಎಂದು ತಾಯಿಯೊಬ್ಬರು ಈ ಅಂಕಣದಲ್ಲಿ ಸಂಕಟ ತೋಡಿಕೊಂಡಿದ್ದರು. ಆಮೇಲೆ ಬಂದ ಪ್ರತಿಕ್ರಿಯೆಗಳಲ್ಲಿ ಹೆಚ್ಚಿನವು ‘ಹೇಗಾದರೂ ಪುಸಲಾಯಿಸಿ ಕರೆದೊಯ್ಯಿರಿ’ ಎಂಬ ಧಾಟಿಯವು. ಬೆಂಗಳೂರಿನ ಮನೋವೈದ್ಯಕೀಯ ವಾರ್ಡುಗಳಲ್ಲಿ ಶುಶ್ರೂಷೆ ಮತ್ತು ಸಮಾಜಕಾರ್ಯ ಮಾಡುವ ನಾವು ಕೆಲವರು ಸೇರಿ ಇದನ್ನು ಬರೆಯುತ್ತಿದ್ದೇವೆ. ಕಾನೂನು ಆ ತಾಯಿಯ ಕೈ ಕಟ್ಟಿಲ್ಲ, ಪುಸಲಾಯಿಸುವುದೂ ಬೇಕಿಲ್ಲ. ಪತ್ರ ಉದ್ದವಾಗಿದೆ. ಕತ್ತರಿಸುವುದಾದರೆ ಗಂಟೆ, ದಿನಗಳ ಲೆಕ್ಕವಿರುವ ಸಾಲುಗಳನ್ನು ಮಾತ್ರ ಉಳಿಸಿಕೊಡಿ.

ಒಲ್ಲೆ ಎನ್ನುತ್ತಲೇ ದಾಖಲಾದವರು ಚೇತರಿಸಿಕೊಂಡ ಮೇಲೆ ಏನನ್ನು ನೆನೆಯುತ್ತಾರೆ? ಸೂಜಿಯ ನೋವು, ಮಾತ್ರೆಯ ಮಂಪರು ಎಂದು ಹೊರಗಿನವರು ಊಹಿಸುತ್ತಾರೆ. ಅವರ ಬಾಯಲ್ಲಿ ಬರುವುದು ಬಹುತೇಕ ಬೇರೆಯೇ. ‘ದೇವಸ್ಥಾನಕ್ಕೆ ಅಂದ್ರು, ಕಾರು ನಿಮ್ಹಾನ್ಸ್ ಆಸ್ಪತ್ರೆ ಇರೋ ಹೊಸೂರು ರಸ್ತೆಗೆ ತಿರುಗಿದಾಗ ಗೊತ್ತಾಯ್ತು.’ ‘ವಿಟಮಿನ್ ಇಂಜೆಕ್ಷನ್ ಅಂದ್ರು, ಎರಡು ದಿನ ಎಚ್ಚರ ಇರಲಿಲ್ಲ.’ ‘ಯಾವಾಗ ಬಿಡ್ತೀರಾ ಅಂತ ಕೇಳಿದ್ರೆ ಎಲ್ಲರೂ ನಾಳೆ ಅಂತಿದ್ರು.’ ಕಾಯಿಲೆ ಇಳಿದ ಮೇಲೆ ಬಲವಂತವನ್ನು ಎಷ್ಟೋ ಜನ ಕ್ಷಮಿಸಿಬಿಡುತ್ತಾರೆ. ಸುಳ್ಳನ್ನು ಕ್ಷಮಿಸುವುದು ಕಡಿಮೆ. ಮುಂದಿನ ಸಲ ಕಾಯಿಲೆ ಮರುಕಳಿಸಿದಾಗ ಅಣ್ಣನ ಕಾರು ಹತ್ತದಿರುವುದು, ತಾಯಿ ಬಡಿಸಿದ್ದನ್ನು ಮುಟ್ಟದಿರುವುದು ಇದರಿಂದಲೇ.

‘ಆಮೇಲೆ ಅವನೇ ಕೈ ಮುಗೀತಾನೆ ಬಿಡಿ’ ಎನ್ನುವವರಿಗೆ ಒಂದು ಲೆಕ್ಕ. ಯುರೋಪಿನ 11 ದೇಶಗಳಲ್ಲಿ ಒಪ್ಪಿಗೆಯಿಲ್ಲದೆ ದಾಖಲಾದವರನ್ನು ಕೇಳಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂದು ತಿಂಗಳ ನಂತರ ‘ಸೇರಿಸಿದ್ದು ಸರಿ’ ಎಂದವರು ದೇಶದಿಂದ ದೇಶಕ್ಕೆ ಶೇ 39ರಿಂದ 71ರಷ್ಟು. ಮೂರು ತಿಂಗಳ ನಂತರ ಶೇ 46ರಿಂದ 86ರಷ್ಟು. ಅಂದರೆ ಮನಸ್ಸು ಬದಲಾಗುವುದು ನಿಜ, ಎಲ್ಲರದೂ ಬದಲಾಗುವುದಿಲ್ಲ ಎಂಬುದೂ ನಿಜ. ಒಂದು ದೇಶಕ್ಕೂ ಇನ್ನೊಂದಕ್ಕೂ ಇಷ್ಟು ಅಂತರ ಬರಲು ಕಾಯಿಲೆಯೊಂದೇ ಕಾರಣವೆಂದು ನಮಗನಿಸದು. 1990ರ ದಶಕದ ಅಮೆರಿಕದ ಅಧ್ಯಯನಗಳು ಇನ್ನೂ ನೇರವಾಗಿ ಹೇಳಿದವು: ತನ್ನ ಮಾತನ್ನು ಯಾರಾದರೂ ಕೇಳಿಸಿಕೊಂಡರೆ, ನಿಜ ಹೇಳಿದರೆ, ಮರ್ಯಾದೆಯಿಂದ ನಡೆಸಿಕೊಂಡರೆ, ಒಲ್ಲದ ದಾಖಲಾತಿಯಲ್ಲೂ ಬಲವಂತಕ್ಕೊಳಗಾದ ಭಾವನೆ ಕಡಿಮೆಯಿರುತ್ತದೆ. ನಮ್ಮ ನಾಡಿನಲ್ಲೂ ಈ ಚಿಂತನೆ ಹೊಸದಲ್ಲ. ಮನೋವೈದ್ಯಕೀಯದಲ್ಲಿ ಬಲವಂತವನ್ನು ತಗ್ಗಿಸಬೇಕೆಂಬ ‘ಮೈಸೂರು ಘೋಷಣೆ’ ಹೊರಬಿದ್ದದ್ದು 2013ರಲ್ಲೇ.

ಈಗ ಕಾನೂನಿನ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಅದರಲ್ಲಿ ಮನೆಯವರು ಮೊದಲು ತಿಳಿಯಬೇಕಾದದ್ದು 94ನೇ ಕಲಂ. ಪ್ರಾಣಕ್ಕೆ ಅಪಾಯವಿದ್ದರೆ, ರೋಗಿ ತನಗೋ ಇತರರಿಗೋ ಗಂಭೀರ ಹಾನಿ ಮಾಡುವಂತಿದ್ದರೆ, ಅಥವಾ ಕಾಯಿಲೆಯ ಭರದಲ್ಲಿ ಆಸ್ತಿಪಾಸ್ತಿ ದೊಡ್ಡ ಮಟ್ಟದಲ್ಲಿ ಹಾಳು ಮಾಡುವಂತಿದ್ದರೆ ಯಾವುದೇ ನೋಂದಾಯಿತ ವೈದ್ಯರು ತುರ್ತು ಚಿಕಿತ್ಸೆ ಕೊಡಬಹುದು. ಮನೋವೈದ್ಯರೇ ಆಗಬೇಕಿಲ್ಲ. ಆಸ್ಪತ್ರೆಯೇ ಆಗಬೇಕಿಲ್ಲ, ಮನೆಯಲ್ಲೂ ಆದೀತು. ರೋಗಿಯ ಪರವಾಗಿ ನಿಲ್ಲುವ ‘ನಾಮನಿರ್ದೇಶಿತ ಪ್ರತಿನಿಧಿ’ ಲಭ್ಯವಿದ್ದರೆ ಅವರ ಒಪ್ಪಿಗೆ ಬೇಕು. ಹತ್ತಿರದ ಮಾನಸಿಕ ಆರೋಗ್ಯ ಕೇಂದ್ರಕ್ಕೆ ಸಾಗಿಸುವುದೂ ಈ ಕಲಮಿನೊಳಗೇ ಬರುತ್ತದೆ. ಮಿತಿ 72 ಗಂಟೆ. ಅದಕ್ಕೆ ಮೊದಲೇ ಕೇಂದ್ರದಲ್ಲಿ ತಪಾಸಣೆ ಆದರೆ ಅಲ್ಲಿಗೆ ಮುಗಿಯಿತು. ವಿದ್ಯುತ್ ಕಂಪನ ಚಿಕಿತ್ಸೆಯನ್ನು ಮಾತ್ರ ತುರ್ತು ಎಂಬ ನೆಪದಲ್ಲಿ ಕೊಡುವಂತಿಲ್ಲ. ಬೀದಿಯ ಕ್ಲಿನಿಕ್ಕಿನ ವೈದ್ಯರಿಗೆ ಈ ಕಲಂ ಗೊತ್ತಿಲ್ಲದ ಕಾರಣಕ್ಕೇ ಎಷ್ಟೋ ಮನೆಗಳವರು ಅಪರಾತ್ರಿಯಲ್ಲಿ ನಗರದ ಆ ತುದಿಯಿಂದ ಈ ತುದಿಗೆ ಅಲೆಯುತ್ತಾರೆ.

ತುರ್ತು ಮುಗಿದ ಮೇಲೂ ರೋಗಿ ಒಪ್ಪದಿದ್ದರೆ 89ನೇ ಕಲಂ, ಬೆಂಬಲಿತ ದಾಖಲಾತಿ. ಅರ್ಜಿ ಹಾಕುವವರು ರೋಗಿಯ ನಾಮನಿರ್ದೇಶಿತ ಪ್ರತಿನಿಧಿ. ರೋಗಿ ಯಾರನ್ನೂ ನೇಮಿಸಿರದಿದ್ದರೆ ಬಂಧುಗಳು, ಅವರಿಲ್ಲದಿದ್ದರೆ ಆರೈಕೆ ಮಾಡುವವರು. ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಒಬ್ಬರು ಮನೋವೈದ್ಯರು, ಇನ್ನೊಬ್ಬರು ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರು. ಪರೀಕ್ಷೆ ದಾಖಲಾದ ದಿನ ಇಲ್ಲವೇ ಹಿಂದಿನ ಏಳು ದಿನಗಳೊಳಗೆ ನಡೆದಿರಬೇಕು. ಇತ್ತೀಚೆಗೆ ತನಗೆ ಹಾನಿ ಮಾಡಿಕೊಳ್ಳಲು ಹೊರಟದ್ದು, ಇನ್ನೊಬ್ಬರ ಮೇಲೆ ಕೈ ಮಾಡಿದ್ದು ಅಥವಾ ಭಯ ಹುಟ್ಟಿಸಿದ್ದು, ಇಲ್ಲವೇ ಅಪಾಯವಾಗುವ ಮಟ್ಟಿಗೆ ತನ್ನ ಆರೈಕೆ ತಾನು ಮಾಡಿಕೊಳ್ಳಲಾಗದ್ದು, ಈ ಮೂರರಲ್ಲಿ ಒಂದಾದರೂ ಇಬ್ಬರಿಗೂ ಕಾಣಬೇಕು. ಮೂರನೆಯದನ್ನು ಮನೆಯವರು ಹೇಳುವುದೇ ಇಲ್ಲ. ‘ಹೊಡೆಯೋದಿಲ್ಲ ಸಾರ್, ಸುಮ್ನೆ ಕೂತಿರ್ತಾನೆ’ ಎಂದು ಶುರು ಮಾಡುತ್ತಾರೆ. ವಾರದಿಂದ ಊಟವಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದ್ದಾನೆ, ಗ್ಯಾಸ್ ಒಲೆ ಹಚ್ಚಿಟ್ಟು ಮರೆಯುತ್ತಾನೆ ಎಂಬುದು ಬಾಗಿಲ ಹತ್ತಿರ ಹೋದಾಗ ಹೊರಬೀಳುತ್ತದೆ. ದಿನಾಂಕ ಹಾಕಿ ಒಂದು ಹಾಳೆಯಲ್ಲಿ ಬರೆದು ತನ್ನಿ, ಹಳೆಯ ಔಷಧ ಚೀಟಿಯೊಂದಿಗೆ. ಹತ್ತು ನಿಮಿಷದ ತಪಾಸಣೆಯಲ್ಲಿ ಆ ಹಾಳೆಗೆ ಬಹಳ ಬೆಲೆ.

ಹೀಗೆ ಸೇರಿಸಿದರೆ ಗರಿಷ್ಠ 30 ದಿನ. ಮಹಿಳೆಯರು, ಅಪ್ರಾಪ್ತರಾದರೆ 3 ದಿನದೊಳಗೆ, ಉಳಿದವರಾದರೆ 7 ದಿನದೊಳಗೆ, ಇಂಥ ದಾಖಲಾತಿಗಳನ್ನು ಪರಿಶೀಲಿಸಲು ಕಾಯ್ದೆಯಡಿ ಇರುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಹೋಗಬೇಕು. 30 ದಿನ ಮೀರುವುದಾದರೆ 90ನೇ ಕಲಂ: ಇಬ್ಬರು ಮನೋವೈದ್ಯರು ಪ್ರತ್ಯೇಕವಾಗಿ ನೋಡಬೇಕು, ಮಂಡಳಿ 21 ದಿನದೊಳಗೆ ಒಪ್ಪಬೇಕು ಅಥವಾ ಬಿಡುಗಡೆಗೆ ಆದೇಶಿಸಬೇಕು. ಆಗ ಮೊದಲ ಸಲ 90 ದಿನದವರೆಗೆ, ಮುಂದೆ 120, ಆಮೇಲೆ ಪ್ರತಿ ಸಲ 180.

ಒಂದು ಸೂಕ್ಷ್ಮವನ್ನು ವೈದ್ಯರೂ ಮರೆಯುತ್ತಾರೆ. ಹಾಸಿಗೆ ಕೊಟ್ಟ ಮಾತ್ರಕ್ಕೆ ಔಷಧಕ್ಕೆ ಒಪ್ಪಿಗೆ ಸಿಕ್ಕಂತಲ್ಲ. ಬೆಂಬಲಿತ ದಾಖಲಾತಿಯಲ್ಲೂ ಚಿಕಿತ್ಸೆಗೆ ರೋಗಿಯ ಒಪ್ಪಿಗೆಯನ್ನೇ ಕೇಳಬೇಕು, ಪ್ರತಿನಿಧಿಯ ನೆರವಿನೊಂದಿಗೆ. ನಿರ್ಧಾರಕ್ಕೆ ಹೆಚ್ಚುಕಡಿಮೆ ನೂರಕ್ಕೆ ನೂರು ನೆರವು ಬೇಕಾದ ಸ್ಥಿತಿಯಲ್ಲಷ್ಟೇ ಪ್ರತಿನಿಧಿ ತಾತ್ಕಾಲಿಕವಾಗಿ ಒಪ್ಪಿಗೆ ಕೊಡಬಹುದು. ಆ ಸ್ಥಿತಿ ಮುಂದುವರಿದಿದೆಯೇ ಎಂದು ಏಳು ದಿನಕ್ಕೊಮ್ಮೆ ನೋಡಿ ಬರೆಯಬೇಕು.

ಇಷ್ಟೆಲ್ಲ ಕಟ್ಟುಪಾಡು ಯಾಕೆ ಕೆಲಸ ಮಾಡುತ್ತಿಲ್ಲ? ಅಡ್ಡದಾರಿಯೊಂದು ಇರುವುದರಿಂದ. 86ನೇ ಕಲಮಿನಡಿ ರೋಗಿ ತಾನೇ ಬಯಸಿ ‘ಸ್ವತಂತ್ರ ರೋಗಿ’ಯಾಗಿ ಸೇರಬಹುದು, ಮಂಡಳಿಗೆ ವರದಿ ಬೇಕಿಲ್ಲ, ಎರಡನೇ ಪರೀಕ್ಷಕರು ಬೇಕಿಲ್ಲ. ಆದ್ದರಿಂದ ಮಂಪರಿನಲ್ಲಿರುವವರ ಕೈಗೆ ಪೆನ್ನು ಕೊಟ್ಟು, ‘ಇಲ್ಲೊಂದು ಸೈನ್ ಹಾಕಪ್ಪ, ಮನೆಗೆ ಹೋಗಬಹುದು’ ಎಂದು ಸಹಿ ಮಾಡಿಸಿಕೊಳ್ಳುವುದು ನಡೆಯುತ್ತದೆ. ಕಾಗದದಲ್ಲಿ ಅವರು ಸ್ವಇಚ್ಛೆಯಿಂದ ಬಂದವರು, ವಾರ್ಡಿನ ಬಾಗಿಲಿಗೆ ಮಾತ್ರ ಬೀಗ. ಸ್ವತಂತ್ರ ರೋಗಿ ಹೊರಡುತ್ತೇನೆಂದರೆ ವೈದ್ಯರು ತಡೆಯಬಹುದಾದದ್ದು 24 ಗಂಟೆ, ಅದೂ 89ನೇ ಕಲಮಿನಡಿ ಪರೀಕ್ಷಿಸಲು. ನಮ್ಮ ದೃಷ್ಟಿಯಲ್ಲಿ ಬಲವಂತದ ದಾಖಲಾತಿಗಿಂತ ಈ ಹುಸಿ ಒಪ್ಪಿಗೆಯೇ ಕೆಟ್ಟದ್ದು. ಬಲವಂತ ಎಂದು ಬರೆದಿದ್ದರೆ ಕೇಳುವವರಿದ್ದಾರೆ. ಒಪ್ಪಿಗೆ ಎಂದು ಬರೆದದ್ದನ್ನು ಯಾರು ಕೇಳಬೇಕು? ಬೆಂಗಳೂರಿನಂಥ ಊರಿನಲ್ಲಿ ಆ ಫಾರಂ ಇಂಗ್ಲಿಷಿನಲ್ಲಿರುತ್ತದೆ, ಸಹಿ ಹಾಕುವವರು ಕನ್ನಡ, ತೆಲುಗು, ತಮಿಳು, ಉರ್ದು ಮಾತಾಡುವವರು.

ಮನೆಯಲ್ಲಿ ಕಾಫಿಗೆ, ಸಾರಿಗೆ ಮಾತ್ರೆ ಪುಡಿ ಮಾಡಿ ಬೆರೆಸುವುದು ಇದೇ ಸುಳ್ಳಿನ ಇನ್ನೊಂದು ರೂಪ. ದಿಕ್ಕು ತೋಚದೆ ಮಾಡುತ್ತಾರೆ, ಬೈಯಲು ಮನಸ್ಸಾಗದು. ಆದರೆ ಏನಾಗುತ್ತದೆ ನೋಡಿ. ಅರ್ಧ ಲೋಟ ಉಳಿಸಿದರೆ ಎಷ್ಟು ಔಷಧ ಹೋಯಿತೆಂದು ಯಾರಿಗೂ ಗೊತ್ತಿಲ್ಲ. ಉಳಿದದ್ದನ್ನು ಅಜ್ಜಿಯೋ ಮಗುವೋ ಕುಡಿದದ್ದೂ ಉಂಟು. ದ್ರವರೂಪದ ರಿಸ್ಪೆರಿಡೋನ್ ಅನ್ನು ಚಹಾದಲ್ಲಿ, ಕೋಲಾದಲ್ಲಿ ಬೆರೆಸಲೇಬಾರದೆಂದು ಔಷಧದ ಮಾಹಿತಿ ಚೀಟಿಯಲ್ಲೇ ಇರುತ್ತದೆ. ಲಿಥಿಯಂಗೆ ಕಾಲಕಾಲಕ್ಕೆ ರಕ್ತದ ಮಟ್ಟ ನೋಡಬೇಕು. ವಾಂತಿಭೇದಿಯಾಗಿ ದೇಹ ಒಣಗಿದರೆ ಅದೇ ಪ್ರಮಾಣ ವಿಷವಾಗುತ್ತದೆ, ಕೈ ನಡುಗಿ ನಡಿಗೆ ತಪ್ಪುತ್ತದೆ. ಕ್ಲೋಜಪಿನ್ ಆದರೆ ಮೊದಲ 18 ವಾರ ವಾರಕ್ಕೊಮ್ಮೆ ಬಿಳಿ ರಕ್ತಕಣಗಳ ಎಣಿಕೆ ಬೇಕು. ತಾನು ಮಾತ್ರೆ ನುಂಗುತ್ತಿದ್ದೇನೆಂದೇ ತಿಳಿಯದವರ ರಕ್ತ ತೆಗೆಯುವುದು ಹೇಗೆ? ಎಲ್ಲಕ್ಕಿಂತ ಹೆಚ್ಚಾಗಿ, ‘ಮನೆಯವರು ಮದ್ದು ಹಾಕ್ತಿದ್ದಾರೆ’ ಎಂಬುದನ್ನು ನಾವು ಕಾಯಿಲೆಯ ಭ್ರಮೆ ಎಂದು ಬರೆದುಕೊಳ್ಳುತ್ತೇವೆ. ಆ ಮನೆಯಲ್ಲಿ ಅದು ನಿಜವೇ ತಾನೆ. ಒಂದು ದಿನ ಲೋಟದ ತಳದಲ್ಲಿ ಬಿಳಿ ಗಸಿ ಕಂಡರೆ ಮುಗಿಯಿತು, ಅಂದಿನಿಂದ ಹೋಟೆಲ್ ಊಟ. ಮಾತ್ರೆ ಮರೆಯುವವರಿಗೆ, ದಿನಾ ನುಂಗಲು ಬೇಸರಪಡುವವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ದೀರ್ಘಾವಧಿ ಇಂಜೆಕ್ಷನ್‌ಗಳಿವೆ. ಹೇಳಿ, ಕೇಳಿ ಕೊಡಬಹುದಾದ ದಾರಿ ಅದು.

ಇನ್ನು ತುರ್ತು ವಿಭಾಗದ ಬಾಗಿಲು. ಹಿಡಿಯಲೇಬೇಕಾದರೆ ಐದು ಜನ ಬೇಕು, ಕೈಕಾಲಿಗೊಬ್ಬರು, ತಲೆಯ ಬಳಿ ಒಬ್ಬರು. ಮಾತಾಡುವವರು ತಲೆಯ ಬಳಿ ಇರುವವರೊಬ್ಬರೇ. ಐದು ಬಾಯಿಂದ ಐದು ಮಾತು ಬಂದರೆ ಹೆದರಿದ ಮನುಷ್ಯ ಇನ್ನಷ್ಟು ಒದ್ದಾಡುತ್ತಾನೆ. ಬೋರಲು ಮಲಗಿಸಿ ಬೆನ್ನ ಮೇಲೆ ಮೊಣಕಾಲೂರುವುದು ಉಸಿರು ಕಟ್ಟಿಸಿ ಕೊಂದುಬಿಡಬಲ್ಲದು. ಉದ್ರೇಕ ಇಳಿಸಲು ಸಾಮಾನ್ಯವಾಗಿ ಕೊಡುವುದು ಹ್ಯಾಲೋಪೆರಿಡಾಲ್ 5 ಮಿ.ಗ್ರಾಂ ಜೊತೆಗೆ ಪ್ರೊಮೆಥಜಿನ್ 25ರಿಂದ 50 ಮಿ.ಗ್ರಾಂ, ಸ್ನಾಯುವಿಗೆ. ವೆಲ್ಲೂರಿನಲ್ಲಿ ನಡೆದ ಪ್ರಯೋಗಗಳು ಈ ಜೋಡಿಗೆ ಒಳ್ಳೆಯ ಆಧಾರ ಒದಗಿಸಿವೆ. ಪ್ರೊಮೆಥಜಿನ್ ಇಲ್ಲದೆ ಹ್ಯಾಲೋಪೆರಿಡಾಲ್ ಒಂದನ್ನೇ ಕೊಟ್ಟರೆ, ಅದರಲ್ಲೂ ಹರೆಯದ ಹುಡುಗರಲ್ಲಿ, ಕೆಲವು ಗಂಟೆಗಳಿಂದ ಎರಡು ದಿನದೊಳಗೆ ಕತ್ತು ಸೊಟ್ಟಗಾಗಿ, ದವಡೆ ಹಿಡಿದುಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳಬಹುದು. ಮನೆಯವರು ‘ಮೈಮೇಲೆ ಬಂತು’ ಎಂದುಕೊಳ್ಳುತ್ತಾರೆ, ರೋಗಿ ಸಾಯುತ್ತಿದ್ದೇನೆ ಅಂದುಕೊಳ್ಳುತ್ತಾನೆ. ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲುತ್ತದೆ. ಇನ್ನೊಂದು ಅಡ್ಡಪರಿಣಾಮ ಮೋಸದ್ದು: ಕೂರಲಾಗದ, ನಿಲ್ಲಲಾಗದ ಒಳಚಡಪಡಿಕೆ. ಅದನ್ನು ಉದ್ರೇಕವೆಂದು ತಪ್ಪು ತಿಳಿದು ಮತ್ತೊಂದು ಡೋಸ್ ಕೊಟ್ಟರೆ ಚಡಪಡಿಕೆ ಇಮ್ಮಡಿಸುತ್ತದೆ. ‘ಮೈಯೊಳಗೆ ಇರುವೆ ಹರಿದಂತೆ, ಕಾಲು ನಿಲ್ತಿಲ್ಲ’ ಎಂದು ರೋಗಿ ಹೇಳಿದರೆ ನಂಬಿ. ಇಂಜೆಕ್ಷನ್ ಆದ ಮೊದಲ ಗಂಟೆ 15 ನಿಮಿಷಕ್ಕೊಮ್ಮೆ ನಾಡಿ, ಉಸಿರು, ರಕ್ತದೊತ್ತಡ ನೋಡಬೇಕು. ಮಲಗಿದರು ಎಂದು ದೀಪ ಆರಿಸಿ ಹೋಗುವಂತಿಲ್ಲ.

ಕೊಡುವ ಮೊದಲು ಹೆಸರು ಹೇಳಿ: ‘ಇದು ಶಾಂತವಾಗಲು ಕೊಡುವ ಔಷಧ, ನಿದ್ದೆ ಬರುತ್ತೆ, ನಾನು ಇಲ್ಲೇ ಇರ್ತೀನಿ. ಮಾತ್ರೆ ತಗೊಳ್ತೀರಾ, ಇಂಜೆಕ್ಷನ್ನಾ?’ ಹತ್ತು ಸೆಕೆಂಡಿನ ಮಾತು. ಎಷ್ಟೋ ಸಲ ಮಾತ್ರೆಗೆ ಕೈ ಚಾಚುತ್ತಾರೆ, ಐದು ಜನರ ಅಗತ್ಯವೇ ಬೀಳುವುದಿಲ್ಲ.

ಕಟ್ಟುವ ವಿಷಯದಲ್ಲಿ 97ನೇ ಕಲಂ ಸ್ಪಷ್ಟವಾಗಿದೆ. ಒಂಟಿಯಾಗಿ ಕೂಡಿಹಾಕುವಂತಿಲ್ಲ. ಕಟ್ಟುವುದು ಕಣ್ಣೆದುರಿನ ಅಪಾಯ ತಪ್ಪಿಸಲು ಬೇರೆ ದಾರಿಯಿಲ್ಲದಾಗ ಮಾತ್ರ, ಹೊಣೆ ಹೊತ್ತ ಮನೋವೈದ್ಯರ ಅನುಮತಿಯಿಂದ. ಶಿಕ್ಷೆಯಾಗಿ ಅಲ್ಲ, ಸಿಬ್ಬಂದಿ ಸಾಲದೆಂದೂ ಅಲ್ಲ. ಕಾರಣ, ವಿಧಾನವನ್ನು ಆಗಲೇ ಬರೆಯಬೇಕು, ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು, ಎಲ್ಲವನ್ನೂ ಸೇರಿಸಿ ತಿಂಗಳಿಗೊಮ್ಮೆ ಮಂಡಳಿಗೆ ಕಳಿಸಬೇಕು. ಕಾಯ್ದೆ ಹೇಳದ, ವಾರ್ಡು ಕಲಿಸಿದ ಪಾಠಗಳೂ ಇವೆ. ಮೆತ್ತೆಯಿರುವ ಅಗಲ ಪಟ್ಟಿ ಬಳಸಿ, ದುಪಟ್ಟಾ, ಟವೆಲು, ಹಗ್ಗ ಬೇಡ; ಮಣಿಕಟ್ಟಿನ ನರ ಒತ್ತಿ ಕೈ ಜೋಮು ಹಿಡಿಯಬಹುದು. ಪಟ್ಟಿಯಡಿ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಮಂಚದ ಚೌಕಟ್ಟಿಗೆ ಕಟ್ಟಿ, ಏರಿಳಿಯುವ ಪಕ್ಕದ ಕಂಬಿಗಲ್ಲ. ತಲೆ ತುಸು ಎತ್ತರದಲ್ಲಿರಲಿ, ವಾಂತಿಯಾದರೆ ಶ್ವಾಸಕೋಶಕ್ಕೆ ಇಳಿಯದಂತೆ. ಎರಡು ಗಂಟೆಗೊಮ್ಮೆ ಒಂದೊಂದೇ ಅಂಗ ಬಿಚ್ಚಿ ಆಡಿಸಿ, ನೀರು ಕುಡಿಸಿ, ಮೂತ್ರಕ್ಕೆ ಕೇಳಿ. ಹಾಸಿಗೆಯಲ್ಲೇ ಒದ್ದೆಯಾದ ಅವಮಾನವನ್ನು ವರ್ಷಗಳ ನಂತರವೂ ತಲೆ ತಗ್ಗಿಸಿ ಹೇಳುವವರಿದ್ದಾರೆ. ಸರಪಳಿಯಂತೂ 95ನೇ ಕಲಮಿನಡಿ ಪೂರ್ತಿ ನಿಷಿದ್ಧ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿಗೆ 28 ಜನ ಸತ್ತದ್ದು ಕಾಲಿಗೆ ಸರಪಳಿಯಿದ್ದು ಓಡಲಾಗದೆ.

ನಗರದ ಹೊರವಲಯದ ಕೆಲವು ‘ಕೇಂದ್ರ’ಗಳ ಬಗ್ಗೆಯೂ ಒಂದು ಎಚ್ಚರಿಕೆ. ಫೋನ್ ಮಾಡಿದರೆ ರಾತ್ರಿ ವ್ಯಾನಿನಲ್ಲಿ ನಾಲ್ಕು ಜನ ಬಂದು ಎತ್ತಿಕೊಂಡು ಹೋಗುತ್ತಾರೆ, ತಿಂಗಳುಗಟ್ಟಲೆ ಭೇಟಿ ಇಲ್ಲ, ತಲೆ ಬೋಳಿಸುತ್ತಾರೆ. ಕುಡಿತ ಬಿಡಿಸುವ ಕೇಂದ್ರವಾದರೂ ಸರಿ, ಇದೇ ಕಾಯ್ದೆಯಡಿ ನೋಂದಣಿ ಬೇಕು. ತಲೆ ಬೋಳಿಸುವಂತಿಲ್ಲ, ಬಲವಂತವಾಗಿ ಸಮವಸ್ತ್ರ ತೊಡಿಸುವಂತಿಲ್ಲ, ಫೋನಿನಲ್ಲಿ ಮಾತಾಡುವ ಹಕ್ಕಿದೆ. ಹಣ ಕಟ್ಟುವ ಮೊದಲು ನೋಂದಣಿ ಪತ್ರ ಕೇಳಿ. ತೋರಿಸಲು ತಡವರಿಸಿದರೆ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಬನ್ನಿ.

ಹಾಗಾದರೆ ಕರೆತರುವಾಗ ಹೇಳುವುದೇನು? ನಿಜವನ್ನೇ, ಚಿಕ್ಕದಾಗಿ, ಒಬ್ಬರೇ. ‘ನಿನಗೆ ಕಾಯಿಲೆ’ ಎಂದು ವಾದಕ್ಕಿಳಿಯುವುದಕ್ಕಿಂತ ಅವರೇ ಒಪ್ಪುವ ತೊಂದರೆ ಹಿಡಿದು ಹೇಳಿ: ‘ನಾಲ್ಕು ದಿನದಿಂದ ನಿದ್ದೆ ಇಲ್ಲ, ನಂಗೆ ಭಯ ಆಗ್ತಿದೆ, ಆಸ್ಪತ್ರೆಗೆ ಹೋಗ್ತಿದ್ದೀವಿ. ನಾನೂ ಜೊತೆಗಿರ್ತೀನಿ.’ ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೂ ನಾಳೆ ಮುಖ ನೋಡಿ ಮಾತಾಡಲು ದಾರಿ ಉಳಿಯುತ್ತದೆ. ಹೊರಡುವ ಮೊದಲು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ, ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಬೀದಿಯಲ್ಲಿ ಅಲೆಯುತ್ತಿರುವವರನ್ನು ರಕ್ಷಣೆಗೆ ತೆಗೆದುಕೊಂಡ ಪೊಲೀಸರು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ.

ಕಾಯಿಲೆ ಹತೋಟಿಯಲ್ಲಿರುವ ದಿನಗಳಲ್ಲಿ ಮಾಡಬೇಕಾದ ಕೆಲಸ ಮುಂಗಡ ನಿರ್ದೇಶನ, ಅಂದರೆ ಮುಂದೆ ಕಾಯಿಲೆ ಮರುಕಳಿಸಿದರೆ ತನ್ನನ್ನು ಹೇಗೆ ನೋಡಿಕೊಳ್ಳಬೇಕೆಂದು ರೋಗಿಯೇ ಮೊದಲೇ ಬರೆದಿಡುವುದು. ವಕೀಲರ ಭಾಷೆ ಬೇಡ. ಯಾವ ಔಷಧ ಒಗ್ಗಿತ್ತು, ಯಾವುದರಿಂದ ಕತ್ತು ಎಳೆದಿತ್ತು, ಯಾರಿಗೆ ಫೋನ್ ಮಾಡಬೇಕು, ಯಾರಿಗೆ ಮಾಡಬಾರದು, ಅಂಗಡಿಯ ಬೀಗದ ಕೈ ಯಾರ ಬಳಿ, ಮಗುವನ್ನು ಶಾಲೆಯಿಂದ ಕರೆತರುವವರು ಯಾರು, ಇಷ್ಟಿದ್ದರೆ ಬಹಳವಾಯಿತು. ನಾಮನಿರ್ದೇಶಿತ ಪ್ರತಿನಿಧಿಯನ್ನು ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿ ನೇಮಿಸಬಹುದು, ಯಾವಾಗ ಬೇಕಾದರೂ ಬದಲಿಸಬಹುದು. ಗಂಡನ ಮನೆಯವರ ಮೇಲೆ ನಂಬಿಕೆಯಿಲ್ಲದ ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ಆರೋಗ್ಯ ಇಲಾಖೆಗೆ ನಮ್ಮ ಬೇಡಿಕೆ ಒಂದೇ. ಒಲ್ಲದೆ ದಾಖಲಾಗುವ ಪ್ರತಿಯೊಬ್ಬರ ಕೈಗೂ ಅವರ ಭಾಷೆಯಲ್ಲಿ ಅಚ್ಚಾದ ಒಂದು ಚೀಟಿ ಸಿಗಲಿ. 22ನೇ ಕಲಮಿನಂತೆ ಈ ಮಾಹಿತಿ ಹೇಗೂ ಕೊಡಲೇಬೇಕಾದದ್ದು. ಚೀಟಿ ಹೀಗಿದ್ದರೆ ಸಾಕು:

‘ನಿಮ್ಮನ್ನು ಇಂದು, ಈ ದಿನಾಂಕದಂದು, 89ನೇ ಕಲಮಿನಡಿ ದಾಖಲಿಸಿದ್ದೇವೆ. ಕಾರಣ ಇದು. ಇದು ಹೆಚ್ಚೆಂದರೆ 30 ದಿನ, ಅಂದರೆ ಈ ದಿನಾಂಕದವರೆಗೆ. ಇದನ್ನು ಪ್ರಶ್ನಿಸಿ ಮಂಡಳಿಗೆ ಅರ್ಜಿ ಹಾಕಬಹುದು. ಶುಲ್ಕವಿಲ್ಲ, 7 ದಿನದೊಳಗೆ ತೀರ್ಮಾನವಾಗಬೇಕು. ಉಚಿತ ಕಾನೂನು ನೆರವಿಗೆ 15100. ನಿಮ್ಮನ್ನು ನೋಡಿಕೊಳ್ಳುವ ವೈದ್ಯರು ಇವರು, ನರ್ಸ್ ಇವರು.’

ಉದ್ರೇಕದಲ್ಲಿ ಹರಿದು ಬಿಸಾಡಿದರೆ ಮರುದಿನ ಇನ್ನೊಂದು ಕೊಡಿ. ಮೂರನೇ ದಿನ ಮತ್ತೆ ಓದಿ ಹೇಳಿ, ಮೊದಲ ದಿನ ಕೇಳಿದ್ದು ತಲೆಯಲ್ಲಿ ಉಳಿದಿರುವುದಿಲ್ಲ. ಅರ್ಜಿ ಬರೆಯಲಾಗದ ವಿಶೇಷ ಸಂದರ್ಭದಲ್ಲಿ ಒಳರೋಗಿಯ ಅಹವಾಲನ್ನು ಮಂಡಳಿ ಬಾಯಿಮಾತಿನಲ್ಲಿ, ಫೋನಿನಲ್ಲೂ ಸ್ವೀಕರಿಸಬಹುದು. ಹಾಗಾಗಿ ಮಂಡಳಿಯ ದೂರವಾಣಿ ಸಂಖ್ಯೆಯನ್ನು ಕಚೇರಿಯ ಫೈಲಿನಲ್ಲಿ ಇಟ್ಟುಕೊಳ್ಳದೆ, ವಾರ್ಡಿನೊಳಗೆ, ಊಟದ ತಟ್ಟೆ ತೊಳೆಯುವ ನಲ್ಲಿಯ ಮೇಲಿನ ಗೋಡೆಗೆ ಅಂಟಿಸಿ. ಅಲ್ಲಿಗೆ ಎಲ್ಲರೂ ದಿನಕ್ಕೆ ಮೂರು ಸಲ ಬರುತ್ತಾರೆ.

– ಮನೋವೈದ್ಯಕೀಯ ಶುಶ್ರೂಷಕರು ಮತ್ತು ಸಮಾಜಕಾರ್ಯಕರ್ತರು, ಬೆಂಗಳೂರು